ನವಲವಾಡಿಯ ಕೆಂಪು ಚುಕ್ಕೆ

ಪತ್ರದ ಎರಡನೆಯ ಪುಟದಲ್ಲಿ ತನ್ನದೇ ಸಹಿ ಕಂಡಾಗ ಮುಬೀನಾ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟಳು. ಅವಳ ಕಂಪನಿಯ ಮೇಲ್ವಿಚಾರಕ ನಿಲೇಶ ಅದನ್ನು ಬೆಳಿಗ್ಗೆಯೇ ಫೋನಿಗೆ ಕಳಿಸಿ, ಕೆಳಗೊಂದು ಸಾಲು ಬರೆದಿದ್ದ: ‘ಗುರುವಾರ ಹನ್ನೊಂದೂವರೆಗೆ ಚಿಕ್ಕೋಡಿಗೆ ಬಾ. ನಿನ್ನ ವರದಿ ಓದಿ ಹೇಳಿದರೆ ಸಾಕು.’

ಪತ್ರ ಆರೋಗ್ಯ ಇಲಾಖೆಯ ಒಂದು ಕಚೇರಿಯದು. ನವಲವಾಡಿಯ ಆರೋಗ್ಯ ಕೇಂದ್ರದಲ್ಲಿ ಲಸಿಕೆಯ ಫ್ರಿಜ್ ನೋಡಿಕೊಳ್ಳುವ ಶೇವಂತಾ ಎಂಬ ಗುತ್ತಿಗೆ ನೌಕರಳಿಗೆ ಬರೆದದ್ದು. ಎರಡು ತಿಂಗಳಲ್ಲಿ ಐದು ಸಲ ಆ ಫ್ರಿಜ್ಜಿನಿಂದ ಸಂದೇಶ ಬಂದಿಲ್ಲ. ಕಂಪನಿಯ ತಂತ್ರಜ್ಞೆ ಸ್ಥಳಕ್ಕೆ ಹೋಗಿ ‘ಉಪಕರಣದಲ್ಲಿ ದೋಷವಿಲ್ಲ’ ಎಂದು ವರದಿ ಕೊಟ್ಟಿದ್ದಾರೆ. ಆದ್ದರಿಂದ ಸಿಬ್ಬಂದಿಯೇ ಪ್ಲಗ್ ತೆಗೆದಿರುವುದು ಕಂಡುಬರುತ್ತದೆ. ಪ್ರತಿದಿನದ ತಾಪಮಾನವನ್ನು ನೋಡದೆ, ಕುಳಿತಲ್ಲೇ ಬರೆದಿರುವ ಸಂಭವವೂ ಇದೆ. ತಮ್ಮನ್ನು ಸೇವೆಯಿಂದ ಏಕೆ ತೆಗೆಯಬಾರದು?

ತಂತ್ರಜ್ಞೆ ಎಂದರೆ ಮುಬೀನಾ.

ಆ ಉಪಕರಣವನ್ನು ಅವಳಷ್ಟು ಬಲ್ಲವರು ಈ ಸೀಮೆಯಲ್ಲಿ ಇರಲಿಲ್ಲ. ಟಿಫಿನ್ ಡಬ್ಬಿಯಷ್ಟಿರುವ ಒಂದು ಬಿಳಿ ಪೆಟ್ಟಿಗೆ. ಅದರ ಒಂದು ವೈರು ಫ್ರಿಜ್ಜಿನೊಳಗೆ ಹೋಗಿ ಹತ್ತು ನಿಮಿಷಕ್ಕೊಮ್ಮೆ ತಂಪನ್ನು ಅಳೆಯುತ್ತದೆ. ಒಳಗಿರುವ ಮೋಡೆಮ್ ತನ್ನ ಸಿಮ್ ಮೂಲಕ ಆ ಅಂಕಿಯನ್ನು ಕಚೇರಿಗೆ ಕಳಿಸುತ್ತದೆ. ಕಚೇರಿಯ ಪರದೆಯ ಮೇಲೆ ಒಂದೊಂದು ಊರಿಗೂ ಒಂದು ಚುಕ್ಕೆ. ಅಂಕಿ ಬರುತ್ತಿದ್ದರೆ ಹಸಿರು, ಅರ್ಧ ತಾಸು ಬಾರದಿದ್ದರೆ ಕೆಂಪು. ಕೆಂಪಿಗೆ ಇರುವ ಅರ್ಥ ‘ಸುದ್ದಿ ಬಂದಿಲ್ಲ’ ಎಂಬುದೊಂದೇ. ಕಚೇರಿ ಅದನ್ನು ‘ಲಸಿಕೆ ಕೆಟ್ಟಿತು, ಯಾರೋ ಕೆಡಿಸಿದರು’ ಎಂದು ಓದಿಕೊಂಡಿತ್ತು. ಹಾಗೆ ಓದಲು ತನ್ನ ಸಹಿಯೇ ಅವರಿಗೆ ಚಸ್ಮಾ ಆಗಿತ್ತು.

ಅವಳು ರಾಯಬಾಗದವಳು. ಅಪ್ಪ ಮೈಬೂಬ ಬಜಾರಿನಲ್ಲಿ ಮಿಕ್ಸರ್, ರೇಡಿಯೋ ರಿಪೇರಿ ಮಾಡುತ್ತಿದ್ದರು. ಅವರು ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಗಿರಾಕಿಗೆ ಮೂರು ಮಾತು ಕೇಳುತ್ತಿದ್ದರು: ಯಾವ ಹೊತ್ತಿಗೆ ನಿಲ್ಲುತ್ತದೆ, ಆಗ ಮನೆಯಲ್ಲಿ ಇನ್ನೇನು ನಿಲ್ಲುತ್ತದೆ, ಆ ಹೊತ್ತಿಗೆ ಹತ್ತಿರ ಯಾರಿರುತ್ತಾರೆ. ಮಗಳು ದಿನಾ ಬಸ್ಸಿನಲ್ಲಿ ಚಿಕ್ಕೋಡಿಗೆ ಹೋಗಿ ಬಂದು ಬಿ.ಎಸ್ಸಿ. ಮುಗಿಸಿದಳು, ಎಲೆಕ್ಟ್ರಾನಿಕ್ಸ್‌ನಲ್ಲಿ ಕಾಲೇಜಿಗೆ ಮೊದಲಿಗಳಾದಳು. ಏಳು ವರ್ಷಗಳಿಂದ ಐದು ತಾಲೂಕಿನ ಅರವತ್ಮೂರು ಪೆಟ್ಟಿಗೆಗಳು ಅವಳ ಸುಪರ್ದಿನಲ್ಲಿದ್ದವು. ಕರೋಶಿಯ ದಾರಿ, ಮುಗಳಖೋಡದ ದಾರಿ, ನಿಪ್ಪಾಣಿಯ ದಾರಿ, ಎಲ್ಲಿ ಯಾವ ತಗ್ಗಿದೆ ಎಂದು ಅವಳ ಸ್ಕೂಟಿಗೆ ಬಾಯಿಪಾಠವಾಗಿತ್ತು. ಆ ಮೂರು ಪ್ರಶ್ನೆಗಳನ್ನು ಅವಳು ಎಲ್ಲಿಯೂ ಬಿಟ್ಟವಳಲ್ಲ. ನವಲವಾಡಿಯಲ್ಲಿ ಬಿಟ್ಟಿದ್ದಳು. ಅಂದು ನಿಲೇಶ ಒಂದೇ ದಿನಕ್ಕೆ ಆರು ಊರು ಹೇಳಿದ್ದ.

“ರೊಟ್ಟಿ ತಿಂದ ಹೋಗ, ಬೇಟಿ,” ಎಂದು ತಾಯಿ ಬೀಬಿಜಾನ ಕೂಗುವಷ್ಟರಲ್ಲಿ ಸ್ಕೂಟಿ ಓಣಿಯ ತಿರುವು ದಾಟಿತ್ತು. ಅಂದು ಬುಧವಾರ. ಕೈಯಲ್ಲಿ ಒಂದು ದಿನವಿತ್ತು.

ನವಲವಾಡಿ ಇರುವುದು ಮಂಗಸೂಳಿಯಿಂದಾಚೆ, ಮಹಾರಾಷ್ಟ್ರದ ಹೊಲಗಳಿಗೆ ಹತ್ತಿಕೊಂಡು. ಊರಿನ ಕೊನೆಯ ಕಬ್ಬಿನ ಗದ್ದೆಗೆ ನೀರು ಈ ರಾಜ್ಯದ್ದು, ನೆರಳು ಆ ರಾಜ್ಯದ ಬೇವಿನ ಮರದ್ದು. ಆರೋಗ್ಯ ಕೇಂದ್ರದ ಹಿಂದಿನ ಕೋಣೆಯಲ್ಲಿ ಶೇವಂತಾ ಫ್ರಿಜ್ಜಿನ ಪಕ್ಕದ ಮೇಜಿಗೆ ಕುಳಿತು ತಾಪಮಾನದ ವಹಿ ತುಂಬುತ್ತಿದ್ದಳು. ನಲವತ್ತೈದರ ಹೆಂಗಸು, ಇಸ್ತ್ರಿ ಮಾಡಿದ ನೀಲಿ ಸೀರೆ. ಬಾಗಿಲಲ್ಲಿ ನಿಂತವಳು ಯಾರೆಂದು ನೋಡಿ ಮತ್ತೆ ತಲೆ ತಗ್ಗಿಸಿದಳು.

“ಬರ್ರಿ, ಸಹಿ ಮಾಡಿದವರ. ಇವತ್ತ ಯಾರ ಕುತಗಿಗಿ ಸಹಿ ಮಾಡಾಕ ಬಂದೀರಿ?”

“ಮಷಿನ್ ಮತ್ತೊಮ್ಮಿ ನೋಡಾಕ ಬಂದೇನ್ರಿ, ಶೇವಂತಾಬಾಯಿ.”

“ನೋಡ್ರಿ. ಮಷಿನ್ ನಿಮ್ಮದ. ನನ್ನದ ಈ ವಹಿ.” ಅವಳು ವಹಿಯ ಮೇಲೆ ಅಂಗೈ ಊರಿದಳು. “ಹನ್ನೊಂದ ವರ್ಷ ಆತು. ಮುಂಜಾನಿ ಒಂಬತ್ತಕ್ಕೊಮ್ಮಿ, ಸಂಜಿ ನಾಕಕ್ಕೊಮ್ಮಿ. ನನ್ನ ಮಗಳ ಮದುವಿ ದಿನಾನೂ ಬಂದ ಬರದ ಹೋಗೇನಿ. ಅದನ್ನ ಕುಂತಲ್ಲೇ ಬರದಾಳ ಅಂತಾರ.”

“ಆವತ್ತ ನಾ ಇಲ್ಲಿ ಎಷ್ಟೊತ್ತ ಇದ್ದೆ?”

“ಹನ್ನೆರಡ ನಿಮಿಷ. ಚಾ ಸುದ್ದಾ ಕುಡೀಲಿಲ್ಲ. ಕುಡದಿದ್ರ ಹದಿನೈದ ಆಗತಿತ್ತ.”

ಮುಬೀನಾ ಪೆಟ್ಟಿಗೆಯ ಮುಚ್ಚಳ ತೆಗೆದು ಲ್ಯಾಪ್‌ಟಾಪಿನ ಕೇಬಲ್ ಮೋಡೆಮ್ಮಿಗೆ ಸಿಕ್ಕಿಸಿದಳು. ಕಪ್ಪು ಕಿಟಕಿ ತೆರೆದುಕೊಂಡಿತು. ಅದರಲ್ಲಿ ಗುಂಡಿಗಳಿಲ್ಲ, ಚಿತ್ರಗಳಿಲ್ಲ. ಒಂದು ಸಾಲು ಬರೆದು ಕೇಳಬೇಕು, ಮೋಡೆಮ್ ಒಂದು ಸಾಲಿನಲ್ಲಿ ಹೇಳುತ್ತದೆ. ಮೊದಲು ಬರೀ AT ಎಂದು ಬರೆದಳು.

OK, ಎಂದಿತು ಮೋಡೆಮ್.

“ಏನಂತೈತಿ?” ಶೇವಂತಾ ಕುಳಿತಲ್ಲಿಂದಲೇ ಕತ್ತು ಚಾಚಿದಳು.

“ಇದ್ದೀಯೇನ ಅಂತ ಕೇಳಿದೆ. ಇದ್ದೇನಿ ಅಂತು.”

“ನನ್ನ ಗಂಡನ್ನೂ ಹಿಂಗ ಕೇಳಿದ್ರ ಓಕೆ ಅಂತಾನ್ರಿ. ಕೆಲಸ ಮಾತ್ರ ಆಗೂದಿಲ್ಲ.”

ನಗು ಬರುವ ಮಾತೇ. ಆದರೆ ಅದು ಬಂದು ತಗಲಿದ್ದು ಬೇರೆ ಕಡೆ. ಹಿಂದಿನ ಸಲ ಮುಬೀನಾ ಕೇಳಿದ್ದು ಇದನ್ನು ಮತ್ತು ಇನ್ನೊಂದನ್ನು ಮಾತ್ರ. AT+CSQ. ಎಂದರೆ, ರೇಂಜ್ ಎಷ್ಟಿದೆ? ಮೂವತ್ತೊಂದಕ್ಕೆ ಇಪ್ಪತ್ತೆರಡು. ಅಂದೂ ಇಷ್ಟೇ ಇತ್ತು. ಚೆನ್ನಾಗಿದೆ ಎಂದು ಟಿಕ್ ಹಾಕಿ ಎದ್ದಿದ್ದಳು. ಈ ಸಲ ಮೂರನೆಯದನ್ನೂ ಬರೆದಳು. AT+CREG? ಎಂದರೆ, ಯಾರ ಮನೆಯಲ್ಲಿದ್ದೀಯ? ಉತ್ತರದ ಕೊನೆಯಲ್ಲಿ ಒಂದು ಬಂತು. ಒಂದು ಎಂದರೆ ತನ್ನ ಮನೆ. ಎಲ್ಲ ಸರಿಯಾಗಿತ್ತು. ಇಂಥ ಸರಿಯನ್ನು ಕಂಡರೆ ಅವಳಿಗೆ ಈಗ ಸಿಟ್ಟು ಬರುತ್ತಿತ್ತು.

ಲ್ಯಾಪ್‌ಟಾಪ್ ಸರಿಸಿ ಕುರ್ಚಿ ಎಳೆದುಕೊಂಡಳು. “ಚುಕ್ಕಿ ಕೆಂಪಾಗೂದು ಯಾವಾಗ್ರಿ?”

“ಊಟದ ಹೊತ್ತಿಗೆ. ತುತ್ತ ಬಾಯಾಗ ಇರತೈತಿ, ಕಚೇರಿ ಸತ್ಯಪ್ಪನ ಫೋನ್ ಬರತೈತಿ, ಪ್ಲಗ್ ತೆಗದ್ರೇನ ಅಂತ.”

“ಆಗ ಮತ್ತ ಏನೇನ ನಿಂತಿರತೈತಿ?”

“ಲೈಟ್ ಹೋಗಿರತೈತಿ. ಕರೆಂಟ್ ತೆಗಿಯೂ ಪಾಳಿ ಇದ್ದ ವಾರ ಹನ್ನೆರಡಕ್ಕ ಹೋದ್ರ ಮೂರಕ್ಕ ಬರೂದು. ಖರೆ ಲೈಟ್ ಹೋದ್ರ ಫ್ರಿಜ್ ಯಾಕ ಬಿಸಿ ಆಕ್ಕೈತ್ರಿ? ಅದರ ಗ್ವಾಡ್ಯಾಗ ಬರ್ಫ್ ಕಟ್ಟಿರತೈತಿ. ಒಂದ ದಿನಾ ತಂಪ ಹಿಡಿತೈತಿ. ಇದನ್ನ ಹೇಳಿದ್ರ ನನಗ ಪಾಠ ಹೇಳಾಕ ಬರಬ್ಯಾಡ ಅಂತಾರ.”

ಅದು ನಿಜ. ಪೆಟ್ಟಿಗೆಗೂ ಸ್ವಂತ ಬ್ಯಾಟರಿ ಇತ್ತು. ಹಾಗಾದರೆ ಲೈಟಿನ ಜೊತೆ ನಿಲ್ಲುವುದು ಏನು? ಕಸ ಗುಡಿಸುತ್ತಿದ್ದ ಅಕ್ಕುತಾಯಿ ಪೊರಕೆಯನ್ನು ಗೋಡೆಗೆ ಆನಿಸಿದಳು. ಕೇಂದ್ರದ ಆಯಾ ಅವಳು, ಅರವತ್ತರ ಹತ್ತಿರದವಳು.

“ನೆಟ್ ದಾಟತೈತಿ ತಂಗಿ, ಮತ್ತೇನ.”

“ದಾಟತೈತಿ ಅಂದ್ರ?”

“ಲೈಟ್ ಹೋಗಿ ತಾಸ ಆತಂದ್ರ ನಮ್ಮ ಕಡೆ ಟಾವರ್ ಮಕ್ಕೋತೈತಿ. ಫೋನ್ ತಾನ ಎದ್ದ ಮಹಾರಾಷ್ಟ್ರಕ್ಕ ಹೋಗಿ ಕುಂಡರತೈತಿ. ಹಾಂಗ ಬಿಟ್ರ ಸಂಜೀತನಕ ಅಲ್ಲೇ. ಬಾಣಂತನಕ್ಕ ಆಂಬುಲೆನ್ಸಿಗೆ ಫೋನ್ ಹಚ್ಚಿದ್ರ ಆ ಕಡೆಯವ್ರ ಎತ್ತಿ ‘ಗಾವ್ ಕೋಣ್ತಂ’ ಅಂತ ಮರಾಠ್ಯಾಗ ಊರ ಕೇಳತಾರ. ಅದಕ್ಕ ಲೈಟ್ ಬಂದ ಕೂಡಲೆ ಊರ ಮಂದಿ ಎಲ್ಲಾ ಕೈಲೆ ಎಳದ ತರತೀವಿ.” ಅವಳು ಸೆರಗಿನಿಂದ ಫೋನ್ ತೆಗೆದು, ಅಕ್ಷರ ಬಾರದಿದ್ದರೂ ನಾಲ್ಕು ಕಡೆ ಒತ್ತಿ, ಕರ್ನಾಟಕದ ಹೆಸರನ್ನು ಕೈಯಿಂದ ಆರಿಸುವ ಜಾಗ ತೋರಿಸಿದಳು. “ಸಣ್ಣ ಹುಡುಗೋರಿಗೂ ಬರತೈತಿ. ನಿಮ್ಮ ಡಬ್ಬಿನ ಯಾರ ಎಳದ ತರತಾರ?”

ಮುಬೀನಾಳಿಗೆ ಕಂಪನಿಯ ಹಾಳೆ ನೆನಪಾಯಿತು.

ಪೆಟ್ಟಿಗೆ ಹಚ್ಚುವಾಗ ಮೋಡೆಮ್ಮಿಗೆ ಬರೆಯಬೇಕಾದ ಸಾಲುಗಳ ಒಂದು ಹಾಳೆಯನ್ನು ಕಂಪನಿ ಕೊಟ್ಟಿತ್ತು. ಎಲ್ಲ ಜಿಲ್ಲೆಗೂ ಒಂದೇ ಹಾಳೆ. ಅದರ ಏಳನೆಯ ಸಾಲು ಮೋಡೆಮ್ಮಿಗೆ ಹೇಳುತ್ತಿತ್ತು: ಹೊರರಾಜ್ಯದ ಟವರಿಗೆ ಸೇರಿದ್ದಾಗ ಏನನ್ನೂ ಕಳಿಸಬೇಡ. ಗಡಿಯಿಂದ ಇನ್ನೂರು ಕಿಲೋಮೀಟರು ಒಳಗಿರುವ ಊರಿಗೆ ಆ ಸಾಲಿನಿಂದ ಏನೂ ಆಗುವುದಿಲ್ಲ. ಇಲ್ಲಿ ಅದು ಬಾಯಿಗೆ ಕಟ್ಟಿದ ಬಟ್ಟೆ. ಕಟ್ಟಿದವಳು ತಾನೇ, ಈ ಎರಡು ಕೈಯಿಂದಲೇ, ಮೂರು ವರ್ಷಗಳ ಹಿಂದೆ. ಈಚಿನ ತಿಂಗಳುಗಳಲ್ಲಿ ಈ ಕಡೆಯ ಟವರಿನ ಬ್ಯಾಟರಿ ಹಳತಾದ ಮೇಲೆ ಅದು ಬಿಗಿಯತೊಡಗಿತ್ತು.

ಹನ್ನೆರಡಕ್ಕೆ ಲೈಟ್ ಹೋಯಿತು. ರೇಂಜ್ ಎಷ್ಟು, ಯಾರ ಮನೆ ಎಂಬ ಎರಡು ಪ್ರಶ್ನೆಗಳನ್ನು ನಿಮಿಷಕ್ಕೊಮ್ಮೆ ಕೇಳಿ ಸಮಯದೊಂದಿಗೆ ಬರೆದಿಡುವಂತೆ ಅವಳು ಲ್ಯಾಪ್‌ಟಾಪಿಗೆ ಹೇಳಿದಳು. ಸಾಲುಗಳು ಒಂದರ ಕೆಳಗೊಂದು ಇಳಿದವು. ಇಪ್ಪತ್ತೆರಡು, ಒಂದು. ಇಪ್ಪತ್ತೊಂದು, ಒಂದು. ಹದಿನಾಲ್ಕು, ಒಂದು. ಹನ್ನೆರಡು ಐವತ್ತೆರಡಕ್ಕೆ ಸಾಲು ಬದಲಾಯಿತು: ಇಪ್ಪತ್ತೇಳು, ಐದು. ಐದು ಎಂದರೆ ಪರರ ಮನೆ. ರೇಂಜ್ ಮೊದಲಿಗಿಂತ ಹೆಚ್ಚಾಗಿತ್ತು, ಸುದ್ದಿ ನಿಂತಿತ್ತು. ರೇಂಜ್ ಒಂದನ್ನೇ ನೋಡಿದವರಿಗೆ ಉಪಕರಣ ಹಿಂದೆಂದಿಗಿಂತ ಚೆನ್ನಾಗಿದೆ ಎನಿಸಬೇಕು.

ಒಂದು ಇಪ್ಪತ್ತೆರಡಕ್ಕೆ ಕಚೇರಿಯ ಪರದೆಯಲ್ಲಿ ನವಲವಾಡಿ ಕೆಂಪಾಯಿತು. ಫ್ರಿಜ್ಜಿನ ಥರ್ಮಾಮೀಟರು ನಾಲ್ಕು ಪಾಯಿಂಟ್ ನಾಲ್ಕು ತೋರಿಸುತ್ತಿತ್ತು. ಮೇಜಿನ ಮೇಲೆ ಶೇವಂತಾಳ ಫೋನ್ ಗುರುಗುಟ್ಟಿತು. ಅವಳು ಅದನ್ನು ಎತ್ತಿ ಮುಬೀನಾಳ ಕಿವಿಗೆ ಹಿಡಿದಳು.

“ಶೇವಂತಾಬಾಯಿ, ಮತ್ತ ತೆಗದ್ರೇನ ಪ್ಲಗ್?” ಎಂದಿತು ಆ ಕಡೆಯ ದನಿ. “ನಾಳೆ ವಿಚಾರಣಿ ಐತಿ, ಇವತ್ತರ ಸುಮ್ನ ಇರಬಾರದೇನ್ರಿ?”

ಪೆಟ್ಟಿಗೆಯ ನೆನಪಿನಲ್ಲಿ ಅರವತ್ತು ದಿನಗಳ ಅಂಕಿಗಳಿದ್ದವು. ಕಳಿಸಲಾಗದಿದ್ದರೂ ಅದು ಅಳೆಯುವುದನ್ನು ಬಿಟ್ಟಿರಲಿಲ್ಲ. ಕೆಂಪಾದ ಐದೂ ದಿನಗಳನ್ನು ತೆಗೆದು ಮುಬೀನಾ ವಹಿಯ ಪಕ್ಕದಲ್ಲಿಟ್ಟು ನೋಡಿದಳು. ಅರ್ಧ ಡಿಗ್ರಿಗಿಂತ ಹೆಚ್ಚು ಅಂತರ ಎಲ್ಲಿಯೂ ಇರಲಿಲ್ಲ. ಉಳಿದ ದಿನಗಳಲ್ಲಿ ಒಂದು ಕಡೆ ಶೇವಂತಾ ಏಳು ಡಿಗ್ರಿ ಎಂದು ಬರೆದು, ಪಕ್ಕದಲ್ಲಿ ‘ಮುಚ್ಚಳ ಸರಿಯಾಗಿ ಹಾಕಿರಲಿಲ್ಲ, ನನ್ನ ತಪ್ಪು’ ಎಂದು ಸೇರಿಸಿದ್ದಳು. ಪೆಟ್ಟಿಗೆಯಲ್ಲಿ ಆರು ಪಾಯಿಂಟ್ ಒಂಬತ್ತು ಇತ್ತು. ತನ್ನ ತಪ್ಪನ್ನು ಶಾಯಿಯಲ್ಲಿ ಬರೆದಿಟ್ಟುಕೊಂಡ ಹೆಂಗಸನ್ನು ಕುಳಿತಲ್ಲೇ ಸುಳ್ಳು ಬರೆದವಳೆಂದು ಕರೆದಿದ್ದರು.

ನಿಲೇಶನಿಗೆ ಫೋನ್ ಮಾಡಿದಳು. ಅವನು ಪೂರ್ತಿ ಕೇಳಿಸಿಕೊಂಡು ನಿಟ್ಟುಸಿರು ಬಿಟ್ಟ.

“ಸಿಮ್ ಸಡಿಲ ಇತ್ತು, ಸರಿ ಮಾಡಿದೆ ಅಂತ ಬರಿ. ಏಳನೇ ಸಾಲ ಬದಲಿ ಮಾಡಿ ಬಂದ ಬಿಡು.”

“ಸಿಮ್ ಸಡಿಲ ಇದ್ರ ಅದನ್ನೂ ಆಕೀನ ಅಲಗ್ಯಾಡಿಸ್ಯಾಳ ಅಂತಾರ, ಸರ್.”

“ಮುಬೀನಾ, ಗಡಿಗುಂಟ ಇಂಥಾವ ಹನ್ನೊಂದ ಅದಾವು. ಸೆಟ್ಟಿಂಗ್ ತಪ್ಪ ಅಂದ್ರ ಎಲ್ಲಾದಕ್ಕೂ ಉತ್ತರಾ ಕೊಡಬೇಕು. ಹಚ್ಚಿದ ಹಾಳಿ ಮ್ಯಾಲ ನಿನ್ನ ಸಹಿನೂ ಐತಿ, ನೆನಪ ಇರಲಿ.”

“ಅದಕ್ಕ ಸಿಟ್ಟ ಬಂದೈತ್ರಿ,” ಎಂದು ಫೋನ್ ಇಟ್ಟಳು.

ಏಳನೆಯ ಸಾಲನ್ನು ಬದಲಿಸಲು ಒಂದು ನಿಮಿಷ ಸಾಕಿತ್ತು. ಬರೆದೂ ಆಗಿತ್ತು, ಎಂಟರ್ ಒತ್ತುವುದೊಂದು ಬಾಕಿ. ಆಗ ಅವಳಿಗೆ ಹೊಳೆಯಿತು: ಸರಿಪಡಿಸಿದರೆ ನಾಳೆಯಿಂದ ಚುಕ್ಕೆ ಹಸಿರಾಗಿಯೇ ಇರುತ್ತದೆ. ನೋಟಿಸ್ ಕೊಟ್ಟ ಮೇಲೆ ಹೆಂಗಸು ನೆಟ್ಟಗಾದಳು ಎನ್ನುತ್ತಾರೆ. ಪೆಟ್ಟಿಗೆಯ ಅಂಕಿ ತೋರಿಸಿದರೆ, ತಪ್ಪು ಮಾಡಿದ ಕಂಪನಿಯವಳೇ ತಂದ ಅಂಕಿ ಎನ್ನುತ್ತಾರೆ. ಬರೆದ ಸಾಲನ್ನು ಅಳಿಸಿದಳು.

“ಶೇವಂತಾಬಾಯಿ, ಇದನ್ನ ಹಿಂಗ ಬಿಡತೇನಿ.”

“ನಾಳೆ ಮತ್ತ ಕೆಂಪ ಆಗಲಿ ಅಂತೀರಿ? ನನ್ನ ಹೆಸರಿನ ಮ್ಯಾಲ?”

“ಆಗಲಿ. ಆದಾಗ ನೀವು ಚಿಕ್ಕೋಡ್ಯಾಗ ಅವರ ಎದುರಿಗೆ ಕುಂತಿರತೀರಿ.”

ಶೇವಂತಾ ವಹಿ ಮುಚ್ಚಿದಳು. “ನಾಳೆ ಲೈಟ್ ಹೋಗಲಿಲ್ಲಂದ್ರ?”

ಪಾಳಿಯ ವಾರವಿದು, ಹೋಗಲೇಬೇಕು ಎಂದಷ್ಟೇ ಹೇಳಿದಳು ಮುಬೀನಾ. ಶೇವಂತಾ ಫ್ರಿಜ್ಜಿನ ಕೋಣೆಯ ಇನ್ನೊಂದು ಕೀಲಿಯನ್ನು ಅಕ್ಕುತಾಯಿಗೆ ಕೊಟ್ಟಳು. ಆಮೇಲೆ ಚಹಾ ತರಿಸಿದಳು, ಎರಡೇ ಕಪ್ಪು, ಅಕ್ಕುತಾಯಿಗೊಂದು, ತನಗೊಂದು.

ಮರುದಿನ ಚಿಕ್ಕೋಡಿಯ ಆ ಕೋಣೆಯಲ್ಲಿ ಐದು ಜನರಿದ್ದರು. ಮೇಜಿನ ಆಚೆ ಡಾಕ್ಟರ್ ಸನ್ಮತಿ, ವಿಚಾರಣೆಯ ಅಧಿಕಾರಿ. ಪಕ್ಕದಲ್ಲಿ ಗುಮಾಸ್ತ ಸತ್ಯಪ್ಪ, ಚುಕ್ಕೆಗಳ ಪರದೆ ಅವನ ಕಡೆಗೆ ತಿರುಗಿತ್ತು. ಈಚೆ ಶೇವಂತಾ, ಮುಬೀನಾ, ಮತ್ತು ಬೆಳಗಾವಿಯಿಂದ ಬಂದ ನಿಲೇಶ. ಫೈಲಿನ ಕಾಗದಗಳನ್ನೆಲ್ಲ ಓದಿ ಮುಗಿಸುವಷ್ಟರಲ್ಲಿ ಹನ್ನೆರಡೂವರೆ.

“ನಿಮ್ಮ ವರದಿ ಐತಿ, ಸಹಿ ಐತಿ,” ಎಂದರು ಸನ್ಮತಿ. “ಅದನ್ನ ಖರೆ ಅಂತ ಹೇಳ್ರಿ, ಮುಗಸೋಣ. ನನಗ ಒಂದಕ್ಕ ಮೀಟಿಂಗ್ ಐತಿ.”

“ಸಹಿ ನಂದರಿ. ವರದಿ ತಪ್ಪ.”

ನಿಲೇಶ ಕುರ್ಚಿಯಲ್ಲಿ ಮಿಸುಕಾಡಿದ. ಮುಬೀನಾ ಹಿಂದಿನ ದಿನದ ಸಾಲುಗಳ ಕಾಗದವನ್ನು ಮೇಜಿನ ಮೇಲಿಟ್ಟು, ಒಂದು ಹೋಗಿ ಐದು ಬಂದದ್ದು ಎಷ್ಟು ಗಂಟೆಗೆ, ರೇಂಜ್ ಏರಿದ್ದೆಷ್ಟು, ಫ್ರಿಜ್ಜಿನೊಳಗೆ ಇದ್ದದ್ದೆಷ್ಟು ಎಂದು ಬೆರಳಿಟ್ಟು ಹೇಳಿದಳು. ಹಾಳೆಯ ಏಳನೆಯ ಸಾಲನ್ನು ಹೇಳಿದಳು. ಬರೆದವಳು ತಾನೆಂದೂ ಹೇಳಿದಳು.

ಸನ್ಮತಿ ಕನ್ನಡಕ ತೆಗೆದರು. “ಹೋದ ತಿಂಗಳ ಸರಿ ಐತಿ ಅಂದ್ರಿ. ಇವತ್ತ ತಪ್ಪ ಐತಿ ಅಂತೀರಿ. ನಾ ಯಾವ ಮುಬೀನಾನ್ನ ನಂಬಲಿ?”

“ಇಬ್ಬರನ್ನೂ ನಂಬಬ್ಯಾಡ್ರಿ. ಆ ಚುಕ್ಕಿ ನೋಡ್ರಿ. ಈಗ ಹಸರ ಐತಿ. ಒಂದೂವರಿ ಸುಮಾರಿಗೆ ಕೆಂಪ ಆಕ್ಕೈತಿ. ಪ್ಲಗ್ ತೆಗಿಯೂ ಶೇವಂತಾಬಾಯಿ ಇಲ್ಲಿ ಕುಂತಾರ.”

“ಅಲ್ಲೀತನಕ ನಾ ಇಲ್ಲಿ ಚುಕ್ಕಿ ನೋಡ್ಕೊಂತ ಕುಂಡರಲೇನು? ನನಗ ಬ್ಯಾರೆ ಕೆಲಸಿಲ್ಲೇನು?” ಅವರು ಫೈಲು ಮಡಚಿದರು.

ಆಗ ಶೇವಂತಾ ಮಾತಾಡಿದಳು. ದನಿ ಏರಿಸಲಿಲ್ಲ. “ಆ ಫ್ರಿಜ್ ಮುಂದ ನಾ ಹನ್ನೊಂದ ವರ್ಷ ಕುಂತೇನ್ರಿ ಸಾಹೇಬ್ರ. ನೀವು ಒಂದ ತಾಸ ಕುಂಡರ್ರಿ.”

ಸನ್ಮತಿ ಮೀಟಿಂಗಿನವರಿಗೆ ಫೋನ್ ಮಾಡಿ ತಡವಾಗುತ್ತದೆ ಎಂದರು. ಅದನ್ನು ಹೇಳಿದ ದನಿಯಲ್ಲಿ ಗೌರವವೇನೂ ಇರಲಿಲ್ಲ, ಸಿಟ್ಟಿತ್ತು. ಇರಲಿ. ಕುಳಿತರಲ್ಲ.

ಒಂದು ಗಂಟೆ. ಒಂದು ಹದಿನೈದು. ಚುಕ್ಕೆ ಹಸಿರಾಗಿಯೇ ಇತ್ತು. ಒಂದು ಇಪ್ಪತ್ತೆರಡು ದಾಟಿತು. ನಿಲೇಶ ಗಡಿಯಾರ ನೋಡಿ ಮುಬೀನಾಳನ್ನು ನೋಡಿದ. ಇಂದು ಲೈಟ್ ಹೋಗಲೇ ಇಲ್ಲವೇನೋ, ಟವರಿಗೆ ಇಂದೇ ಹೊಸ ಬ್ಯಾಟರಿ ಕೂಡಿಸಿದರೇನೋ ಎಂದು ಅವಳಿಗೆ ಅನುಮಾನ ಬಂತು. ಒಂದೂವರೆ. ಸನ್ಮತಿ ಕುರ್ಚಿ ಹಿಂದೆ ಸರಿಸಿದರು. ಒಂದು ಮೂವತ್ನಾಲ್ಕಕ್ಕೆ ನವಲವಾಡಿ ಕೆಂಪಾಯಿತು.

ಮೊದಲು ನೋಡಿದವನು ಸತ್ಯಪ್ಪ. ಎರಡು ತಿಂಗಳ ರೂಢಿ. ಕೈ ತಾನಾಗಿ ಫೋನಿಗೆ ಹೋಯಿತು, ಬೆರಳು ತಾನಾಗಿ ಹೆಸರು ಒತ್ತಿತು. ಮೇಜಿನ ಈಚೆ, ಶೇವಂತಾಳ ತೊಡೆಯ ಮೇಲಿನ ಚೀಲದಲ್ಲಿ ಫೋನ್ ಗುರುಗುಟ್ಟಿತು.

ಅವಳು ಎತ್ತಿ ಕಿವಿಗಿಟ್ಟುಕೊಂಡಳು. “ಹೇಳ್ರಿ ಸತ್ಯಪ್ಪನವರ. ಪ್ಲಗ್ ತೆಗದಿಲ್ರಿ. ನಿಮ್ಮ ಎದುರಿಗೇ ಕುಂತೇನಿ.”

ಸತ್ಯಪ್ಪನಿಗೆ ಫೋನ್ ಇಡುವುದೂ ಮರೆತುಹೋಯಿತು. ಸನ್ಮತಿ ತಾವೇ ಅಕ್ಕುತಾಯಿಯ ನಂಬರು ಕೇಳಿ ವಿಡಿಯೋ ಕರೆ ಮಾಡಿದರು. ಅವಳ ಫೋನೂ ಆಗ ಗಡಿ ದಾಟಿತ್ತು, ಆದರೆ ಅದರ ಬಾಯಿಗೆ ಯಾರೂ ಬಟ್ಟೆ ಕಟ್ಟಿರಲಿಲ್ಲ. ಅಕ್ಕುತಾಯಿ ಕೀಲಿ ತೆಗೆದು, ಗೋಡೆಯಲ್ಲಿದ್ದ ಪ್ಲಗ್ಗನ್ನು ತೋರಿಸಿದಳು, ಥರ್ಮಾಮೀಟರನ್ನು ತೋರಿಸಿದಳು. ನಾಲ್ಕು ಪಾಯಿಂಟ್ ಆರು. “ಇನ್ನೇನರ ತೋರಿಸಲೇನ್ರಿ? ನನಗ ಊಟಾ ಆಗಿಲ್ಲ,” ಎಂದಳು.

ಮುಬೀನಾ ಅಲ್ಲೇ ಕುಳಿತು ಒಂದು ಪುಟ ಬರೆದಳು. ಹಿಂದಿನ ವರದಿ ತಪ್ಪು. ಸಿಬ್ಬಂದಿಯ ವಹಿ ಸರಿ. ಗಡಿಯ ಹನ್ನೊಂದೂ ಉಪಕರಣಗಳಲ್ಲಿ ಇದೇ ದೋಷವಿದೆ. ನಿಲೇಶ ಮೂರನೆಯ ಮಾತನ್ನು ಬಿಡು ಎಂದು ಮೊಣಕೈಯಿಂದ ತಿವಿದ. ಅವಳು ಊರುಗಳ ಹೆಸರನ್ನೂ ಒಂದೊಂದಾಗಿ ಸೇರಿಸಿ ಸಹಿ ಮಾಡಿದಳು. ನಾಳೆ ಮೊದಲ ಕೆಲಸ ನವಲವಾಡಿ, ಆಮೇಲೆ ಉಳಿದ ಹತ್ತು ಎಂದು ಅವನಿಗೆ ಹೇಳಿದಳು, ಕೇಳಲಿಲ್ಲ.

ಆದೇಶವನ್ನು ಸತ್ಯಪ್ಪ ಟೈಪು ಮಾಡಿ ತಂದಾಗ ಎರಡೂವರೆ. ಶೇವಂತಾ ಅದನ್ನು ಮೇಲಿನಿಂದ ಕೆಳಗೆ ಓದಿದಳು. ಸಹಿಗೆಂದು ಚಾಚಿದ ಪೆನ್ನನ್ನು ತೆಗೆದುಕೊಳ್ಳಲಿಲ್ಲ.

“‘ಎಚ್ಚರಿಕೆ ನೀಡಿ ಪ್ರಕರಣ ಕೈಬಿಡಲಾಗಿದೆ’ ಅಂತ ಐತಿ. ಎಚ್ಚರಿಕಿ ಯಾರಿಗ್ರಿ?”

“ಅದು ಪದ್ಧತಿ ಅದ ಬಾಯಿ, ಎಲ್ಲಾರಿಗೂ ಹಂಗ ಬರೀತೀವಿ,” ಎಂದ ಸತ್ಯಪ್ಪ. “ನೌಕರಿ ಉಳೀತಲ್ರಿ.”

“ಏನ ಮಾಡಬಾರದಂತ ಎಚ್ಚರಿಕಿ? ವಹಿ ಬರೀಬಾರದಂತನೋ?”

ಸನ್ಮತಿ ಮುಬೀನಾಳ ಕಡೆ ನೋಡಿದರು, ಈ ಹೆಂಗಸಿಗೆ ನೀವಾದರೂ ಹೇಳಿ ಎಂಬಂತೆ. “ಆ ಶಬ್ದ ತಗೀರಿ ಸರ್,” ಎಂದಳು ಮುಬೀನಾ. “ಎಚ್ಚರಿಕಿ ಬೇಕಂದ್ರ ನನ್ನ ಹೆಸರಿಗೆ ಬರೀರಿ.” ಅವರು ಆ ಶಬ್ದಕ್ಕೆ ಗೀಟು ಎಳೆದು ಕಾಗದವನ್ನು ಸತ್ಯಪ್ಪನ ಕಡೆ ನೂಕಿದರು.

ಹೊರಗಿನ ಬೆಂಚಿನ ಬಳಿ ಇಬ್ಬರೂ ಕಾದರು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತ್ತು.

“ತಪ್ಪಾತ್ರಿ, ಶೇವಂತಾಬಾಯಿ.”

“ಆತು. ಖರೆ ಎರಡ ತಿಂಗಳ ಮನಿಯಾಗ ಮಕ ಎತ್ತಿಲ್ಲ ನಾ. ಸಿಟ್ಟ ಇನ್ನೂ ಹೋಗಿಲ್ಲ. ಇಷ್ಟ ಜಲ್ದಿ ಹೋಗೂದೂ ಇಲ್ಲ.”

“ಹೋಗಬಾರದು.”

ಶೇವಂತಾ ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದಳು. ಸ್ವಲ್ಪ ಸರಿದು ಬೆಂಚಿನಲ್ಲಿ ಜಾಗ ಮಾಡಿದಳು. ಮುಬೀನಾ ಅಷ್ಟು ಹೊತ್ತೂ ನಿಂತೇ ಇದ್ದಳು.

ಹೊಸ ಕಾಗದ ಬಂತು. ಸನ್ಮತಿ ಪೆನ್ನಿನ ಮುಚ್ಚಳ ತೆಗೆದು ಹಿಡಿದಿದ್ದರು. ಅವರಿಗೂ ಊಟವಾಗಿರಲಿಲ್ಲ. ಶೇವಂತಾ ಕಾಗದವನ್ನು ಬೆಳಕಿಗೆ ಹಿಡಿದು, ಮೇಲಿನ ತಾರೀಖಿನಿಂದ ಹಿಡಿದು ಒಂದೊಂದೇ ಸಾಲನ್ನು ಮತ್ತೆ ಓದತೊಡಗಿದಳು. ಬೇಗ ಮಾಡಿ ಎಂದು ಯಾರೂ ಅನ್ನಲಿಲ್ಲ.